ಗೂಟ ಕೊಡಿ, ಬುದ್ಧಿವಾದ ಸಾಕು

ಸಿಂಗಟಾಲೂರಿನ ವೀರಭದ್ರೇಶ್ವರ ಗುಡ್ಡದ ಕೆಳಗೆ ತುಂಗಭದ್ರೆಯ ದಂಡೆಯಲ್ಲಿ ಡೀಸೆಲ್ ಪಂಪು ಇಟ್ಟು ಹೊಲಕ್ಕೆ ನೀರೆತ್ತುವವರನ್ನು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ, ಪಂಪಿಗೆ ಎರಡು ಥರದ ಪೈಪು. ಹೊಳೆಯೊಳಗೆ ಇಳಿಯುವುದು ಸಕ್ಷನ್ ಪೈಪು. ದಪ್ಪ, ಗಟ್ಟಿ, ಮೈತುಂಬ ಸುರುಳಿ. ಹೊಲದ ಕಡೆ ಹೋಗುವುದು ಡೆಲಿವರಿ ಪೈಪು. ನೀರು ಬಂದಾಗ ಉಬ್ಬುತ್ತದೆ, ನಿಂತಾಗ ಚಪ್ಪಟೆಯಾಗಿ ಬೀಳುತ್ತದೆ, ಚಾಪೆಯ ಹಾಗೆ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಒಯ್ಯಬಹುದು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಸಕ್ಷನ್ ಪೈಪು ಸೀಳಿತ್ತು. ನಾನು ಭಾರಿ ತಲೆ ಓಡಿಸಿ ಡೆಲಿವರಿ ಪೈಪಿನ ಒಂದು ತುಂಡನ್ನೇ ಆ ಬಾಯಿಗೆ ಬಿಗಿದು ಎಂಜಿನ್ ಚಾಲೂ ಮಾಡಿದೆ. ಅರ್ಧ ನಿಮಿಷ ಆಗಿರಲಿಲ್ಲ, ಪೈಪಿನ ಎರಡೂ ಬದಿ ಒಂದಕ್ಕೊಂದು ಅಂಟಿ ಕೂತವು. ಹನಿ ನೀರು ಬರಲಿಲ್ಲ.

ಕಾಕಾ ಬೈಯಲಿಲ್ಲ, ನಕ್ಕರು. "ತಮ್ಮಾ, ಅದು ಎಳಿಯೂ ಪೈಪ, ಇದು ದಬ್ಬೂ ಪೈಪ. ದಬ್ಬೂದಕ್ಕ ಎಳಿ ಅಂದ್ರ ಎದಿ ಒಳಗ ಹೊಕ್ಕೊಂಡು ಕುಂದರತೈತಿ."

ಹತ್ತು ಹನ್ನೆರಡು ವರ್ಷ ಬಿಟ್ಟು, ಕೆಲಸದ ನೆಪದಲ್ಲಿ ಹಡಗಿಗೂ ದಡಕ್ಕೂ ನಡುವೆ ಆವಿ ಸಾಗಿಸುವ ಹೋಸುಗಳ ನಿಯಮ ಓದಬೇಕಾಗಿ ಬಂತು. ಅಮೆರಿಕದ ಕೋಸ್ಟ್ ಗಾರ್ಡ್ 1990ರಲ್ಲಿ ಬರೆದ ನಿಯಮ ಅದು. 1992ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆಯೂ ಇದೇ ವಿಷಯದ ಮೇಲೆ ತನ್ನದೊಂದು ಸುತ್ತೋಲೆ ಹೊರಡಿಸಿತು. ಓದುತ್ತ ಹೋದರೆ ಕಾಕಾನ ಮಾತೇ ಅಲ್ಲಿ ಕೂತಿದೆ: ಹೊರಗಿನ ಗಾಳಿಗಿಂತ ಒಳಗಿನ ಒತ್ತಡ 2 ಪಿಎಸ್‌ಐ ಕಡಿಮೆಯಾದರೂ ಹೋಸು ಕುಸಿಯಬಾರದು, ಕಿರಿದಾಗಬಾರದು. ಎಳೆಯೋ ಪೈಪು ಎದೆ ಒಳಗೆ ಎಳಕೊಳ್ಳಬಾರದು.

ಈ ಆವಿ ಎಲ್ಲಿಂದ ಬಂತು ಅಂದರೆ, ಖಾಲಿ ಟ್ಯಾಂಕ್ ಅನ್ನೋದು ಖಾಲಿ ಅಲ್ಲ. ಹಿಂದಿನ ಸರಕಿನ ಆವಿಯೋ ಗಾಳಿಯೋ ಅದರೊಳಗೆ ತುಂಬಿರುತ್ತದೆ. ಒಂದು ಲೀಟರ್ ಪೆಟ್ರೋಲ್ ಒಳಗೆ ಹೋದರೆ ಸುಮಾರು ಒಂದು ಲೀಟರ್ ಆವಿ ಹೊರಗೆ ಬರಲೇಬೇಕು. ಮೊದಲೆಲ್ಲ ಅದನ್ನು ಹಡಗಿನ ಕೊಳವೆಯಿಂದ ಆಕಾಶಕ್ಕೆ ಬಿಡುತ್ತಿದ್ದರು. ಅದು ಉರಿಯುವ ಆವಿ. ಬೆಂಜೀನ್ ಆದರೆ ಕ್ಯಾನ್ಸರ್ ತರುವ ಆವಿ ಕೂಡ. ಹಾಗಾಗಿ ಎರಡನೇ ಹೋಸೊಂದನ್ನು ಕಟ್ಟಿ ಆವಿಯನ್ನು ದಡಕ್ಕೆ ತಂದು ಸುಡುವ ಅಥವಾ ಮತ್ತೆ ದ್ರವ ಮಾಡುವ ವ್ಯವಸ್ಥೆ ಬಂತು. ಬೆಂಗಳೂರಿನ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕರ್ ಲಾರಿ ಇಳಿಸುವಾಗ ಎರಡು ಹೋಸು ಕಟ್ಟಿದ್ದು ಕಂಡರೆ ಅದು ಇದೇ ಲೆಕ್ಕ: ಒಂದರಲ್ಲಿ ಪೆಟ್ರೋಲ್ ಕೆಳಗೆ, ಇನ್ನೊಂದರಲ್ಲಿ ಆವಿ ವಾಪಸ್ ಲಾರಿಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಬಂಕುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಈ ಆವಿ ಹಿಡಿಯುವ ಕೆಲಸವೂ ಇದೆ.

ಹಡಗಿನ ಹೋಸಿನ ನಿಯಮದ ಅಂಕಿಗಳನ್ನು ನೋಡಿದರೆ ಮೊದಲು 'ಅಯ್ಯೋ ಇಷ್ಟೇನಾ' ಅನಿಸುತ್ತದೆ. ಕೆಲಸದ ಒತ್ತಡ ಕನಿಷ್ಠ 5 ಪಿಎಸ್‌ಐ ತಡೆಯಬೇಕು. ನಿಮ್ಮ ಕಾರಿನ ಟೈರಿನಲ್ಲಿ ಅದರ ಆರು ಪಟ್ಟು ಇರುತ್ತದೆ. ಆದರೆ ಒಡೆಯುವ ಒತ್ತಡ ಕನಿಷ್ಠ 25 ಪಿಎಸ್‌ಐ ಇರಬೇಕು, ಅಂದರೆ ಐದು ಪಟ್ಟು. ಹೋಸಿನ ಒಂದು ತುದಿಯಿಂದ ಇನ್ನೊಂದು ತುದಿಗೆ ವಿದ್ಯುತ್ ಹರಿಯಬೇಕು, ಅಡ್ಡಿ 10,000 ಓಮ್ ಮೀರಬಾರದು. ಚಳಿಗಾಲದಲ್ಲಿ ಕಾರಿನ ಬಾಗಿಲು ಮುಟ್ಟಿದಾಗ ಬೆರಳಿಗೆ ಚುರ್ ಅನ್ನುತ್ತದಲ್ಲ, ಅಂಥ ಒಂದು ಕಿಡಿ ಪೆಟ್ರೋಲ್ ಆವಿಗೆ ಸಾಕು. ಉಜ್ಜಿದರೆ ಸವೆಯಬಾರದು, ಬಾಗಿದರೆ ಮಡಿಕೆ ಬೀಳಬಾರದು. ಕೊನೆಯ ಒಂದು ಮೀಟರಿಗೆ ಬಣ್ಣ ಬಳಿಯಬೇಕು: ಕೆಂಪು, ಹಳದಿ, ಕೆಂಪು. ಹಳದಿಯ ಮೇಲೆ ಕನಿಷ್ಠ ಎರಡಿಂಚು ಎತ್ತರದ ಕಪ್ಪಕ್ಷರದಲ್ಲಿ 'ವೇಪರ್' ಅಂತ ಬರೆದಿರಬೇಕು.

ಇದೆಲ್ಲ ಸರಿ. ನನ್ನನ್ನು ಕಟ್ಟಿ ಹಾಕಿದ್ದು ಇದರ ನಂತರದ ಸಾಲು.

ಆವಿಯ ಕೊಳವೆಯ ಬಾಯಿಗೆ ಇರುವ ಫ್ಲೇಂಜಿನ ಮೇಲೆ, ಗಡಿಯಾರದಲ್ಲಿ ಹನ್ನೆರಡು ಬರುವ ಜಾಗದಲ್ಲಿ, ಅರ್ಧ ಇಂಚು ದಪ್ಪ, ಒಂದಿಂಚು ಉದ್ದದ ಒಂದು ಗೂಟ ಶಾಶ್ವತವಾಗಿ ಕೂಡಿಸಿರಬೇಕು. ಆವಿಯ ಹೋಸಿನ ಫ್ಲೇಂಜಿನಲ್ಲಿ ಅದಕ್ಕೆ ಸರಿಯಾದ ಒಂದು ಹೆಚ್ಚಿನ ತೂತು ಇರಬೇಕು. ಎಣ್ಣೆಯ ಹೋಸಿಗೆ ಆ ತೂತು ಇರುವುದಿಲ್ಲ. ಅಷ್ಟೇ. ರಾತ್ರಿ ಮೂರು ಗಂಟೆ, ಮಳೆ ಹೊಡೀತಿದೆ, ಹನ್ನೆರಡು ತಾಸಿನ ಪಾಳಿಯ ಕೊನೆಯ ಹೊತ್ತು, ಹೋಸು ಹಿಡಿದವನು ಹೊಸಬ, ಅವನಿಗೆ ಇಂಗ್ಲಿಷ್ ಬರೋದಿಲ್ಲ, ಬಣ್ಣದ ಮೇಲೆ ಗ್ರೀಸು ಮೆತ್ತಿದೆ. ಆದರೂ ಎಣ್ಣೆಯ ಹೋಸನ್ನು ಆವಿಯ ಬಾಯಿಗೆ ಕಟ್ಟಲು ಆಗುವುದಿಲ್ಲ. ಗೂಟ ಬಿಡುವುದಿಲ್ಲ.

ಈ ಸಾಲು ಬರೆದವರು ಕೆಲಸಗಾರ ಜಾಣ ಅಂತ ನಂಬಿ ಬರೆದಿಲ್ಲ, ದಡ್ಡ ಅಂತಲೂ ಬರೆದಿಲ್ಲ. ಮನುಷ್ಯ ಅಂತ ಬರೆದಿದ್ದಾರೆ. ಅವನು ದಣಿಯುತ್ತಾನೆ, ಮರೆಯುತ್ತಾನೆ, ಮೇಸ್ತ್ರಿ ಅವಸರ ಮಾಡಿದರೆ ಗಡಿಬಿಡಿ ಮಾಡುತ್ತಾನೆ. ಅದಕ್ಕೆ ಅವನಿಗೊಂದು ಪೋಸ್ಟರ್ ಅಂಟಿಸಿ ಸುಮ್ಮನಾಗದೆ ಕಬ್ಬಿಣದ ಗೂಟ ಕೊಟ್ಟರು.

ನಮ್ಮಲ್ಲಿ ಪೋಸ್ಟರ್ ಅಂಟಿಸುತ್ತೇವೆ. 1972ರಿಂದ ಪ್ರತಿ ವರ್ಷ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ ಮಾಡುತ್ತ ಬಂದಿದ್ದೇವೆ. ಪ್ರಮಾಣವಚನ, ಬ್ಯಾಡ್ಜು, ಪ್ರಬಂಧ ಸ್ಪರ್ಧೆ, 'ಸುರಕ್ಷತೆ ನಿಮ್ಮ ಕೈಯಲ್ಲಿ' ಅನ್ನೋ ಬ್ಯಾನರು. ನನಗೆ ಈ ಒಂದು ಘೋಷಣೆಯ ಮೇಲೆ ಎಷ್ಟು ಸಿಟ್ಟಿದೆ ಅಂದರೆ, ಇದಕ್ಕಾಗಿಯೇ ಈ ಬರಹ. ಸುರಕ್ಷತೆ ನನ್ನ ಕೈಯಲ್ಲಿದ್ದರೆ ನನ್ನ ಕೈಗೆ ಹೋಸು ಕೊಟ್ಟವನ ಕೈಯಲ್ಲಿ ಏನಿತ್ತು? ಅಪಘಾತ ಆದ ಮರುದಿನ ಪೇಪರಿನಲ್ಲಿ ಒಂದು ಪದ ತಪ್ಪದೆ ಬರುತ್ತದೆ: ನಿರ್ಲಕ್ಷ್ಯ. ಯಾರದ್ದು? ಯಾವಾಗಲೂ ಪೈಪಿಗೆ ಅತಿ ಹತ್ತಿರ ನಿಂತಿದ್ದವನದ್ದು. ಸತ್ತಿದ್ದರೆ ಇನ್ನೂ ಅನುಕೂಲ, ಅವನು ಎದುರು ಮಾತಾಡುವುದಿಲ್ಲ.

2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿ ಇಂಡಿಯನ್ ಆಯಿಲ್ ಡಿಪೋದ ಟ್ಯಾಂಕಿನಿಂದ ಪೆಟ್ರೋಲ್ ಚಿಮ್ಮತೊಡಗಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಸುರಿದು, ಆವಿ ಮೋಡದ ಹಾಗೆ ಹರಡಿ, ಕೊನೆಗೆ ಎಲ್ಲಿಂದಲೋ ಕಿಡಿ ತಾಗಿತು. ಹತ್ತಕ್ಕೂ ಹೆಚ್ಚು ಜನ ಸತ್ತರು, ಬೆಂಕಿ ಹನ್ನೊಂದು ದಿನ ಉರಿಯಿತು. ವಾಲ್ವುಗಳನ್ನು ತೆರೆಯುವ ಕ್ರಮ ತಪ್ಪಿತ್ತು, ನಿಜ. ಎಂ.ಬಿ. ಲಾಲ್ ಸಮಿತಿ ಅದನ್ನು ಹೇಳಿತು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅಲ್ಲಿದ್ದ 'ಹ್ಯಾಮರ್ ಬ್ಲೈಂಡ್' ವಾಲ್ವಿನ ವಿನ್ಯಾಸದತ್ತಲೂ ಬೊಟ್ಟು ಮಾಡಿತು: ಅದನ್ನು ಬದಲಿಸುವ ಹೊತ್ತಿನಲ್ಲಿ ಮೇಲ್ಭಾಗ ಅಗಲವಾಗಿ ಬಾಯಿ ತೆರೆದಿರುತ್ತದೆ, ಆ ಗಳಿಗೆಯಲ್ಲಿ ಇನ್ನೊಂದು ವಾಲ್ವು ತೆರೆದಿದ್ದರೆ ಪೆಟ್ರೋಲ್ ನೇರ ಹೊರಗೆ. ಆ ಸಂಜೆ ತಪ್ಪು ಕ್ರಮದಲ್ಲಿ ತಿರುಗಿದ್ದು ಮನುಷ್ಯನ ಕೈ. ಆದರೆ ತಪ್ಪು ಕ್ರಮದಲ್ಲಿಯೂ ತಿರುಗುವಂಥ ವಾಲ್ವನ್ನು ಕೂಡಿಸಿದ್ದು ಎಷ್ಟೋ ವರ್ಷ ಹಿಂದೆ, ಡ್ರಾಯಿಂಗ್ ಬೋರ್ಡಿನ ಮುಂದೆ, ತಣ್ಣಗಿನ ಹೊತ್ತಿನಲ್ಲಿ. ನಿರ್ಲಕ್ಷ್ಯ ಅನ್ನೋ ಪದ ಆ ಬೋರ್ಡಿನವರೆಗೆ ಯಾಕೆ ಹೋಗುವುದಿಲ್ಲ?

ಇದನ್ನು ಓದುತ್ತಿರುವವರಲ್ಲಿ ಅರ್ಧಕ್ಕರ್ಧ ಜನ ಸಾಫ್ಟ್‌ವೇರಿನವರು ಅಂದುಕೊಂಡಿದ್ದೇನೆ. ನಿಮಗಿದು ಹೊಸದಲ್ಲ. ಡೇಟಾಬೇಸ್ ಅಳಿಸುವ ಬಟನ್ ಒತ್ತಿದರೆ ನಿಮ್ಮ ಪರದೆ ಸುಮ್ಮನೆ ಅಳಿಸುವುದಿಲ್ಲ, 'ಇದರ ಹೆಸರು ಪೂರ್ತಿ ಟೈಪ್ ಮಾಡು' ಅನ್ನುತ್ತದೆ. ನಿಮ್ಮ ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿದೆ, ತಿರುಗಾಮುರುಗಾ ಹಾಕಬಾರದು ಅಂತ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ನು ಉದ್ದ ಮತ್ತು ದಪ್ಪ, ಅದೇ ಮೊದಲು ಒಳಗೆ ಹೋಗಬೇಕು ಅಂತ. ಇವೆಲ್ಲ ಹಡಗಿನ ಆ ಗೂಟದ ಮಕ್ಕಳು ಮೊಮ್ಮಕ್ಕಳೇ. ಇಪ್ಪತ್ತು ರೂಪಾಯಿಯ ಸಿಮ್ಮಿಗೆ ಸಿಕ್ಕ ಮರ್ಯಾದೆ ನಮ್ಮಮ್ಮನ ಒಲೆಗೆ ಯಾಕೆ ಸಿಕ್ಕಿಲ್ಲ ಅನ್ನೋದು ನನ್ನ ಪ್ರಶ್ನೆ.

ಒಲೆ ಯಾಕೆ ಬಂತು ಅಂತೀರಾ? ಅಡಿಗೆಮನೆಯಲ್ಲಿ ಸಿಲಿಂಡರಿನಿಂದ ಒಲೆಗೆ ಹೋಗುವ ಕಿತ್ತಳೆ ಬಣ್ಣದ ಪೈಪು ನೋಡಿ. ಸಿಲಿಂಡರಿನೊಳಗೆ ಇರುವುದು ದ್ರವ. ರೆಗ್ಯುಲೇಟರ್ ದಾಟಿ ಪೈಪಿನಲ್ಲಿ ಹರಿಯುವುದು ಆವಿ. ಹಡಗು, ಬಂದರು, ಅಮೆರಿಕ ಎಲ್ಲ ದೂರದ ಮಾತು ಅನಿಸಿದ್ದರೆ, ಆವಿ ಸಾಗಿಸುವ ಒಂದೂವರೆ ಮೀಟರ್ ಹೋಸು ನಿಮ್ಮ ಮನೆಯಲ್ಲೇ ಇದೆ, ನಿಮ್ಮ ತಾಯಿಯ ಮೊಣಕಾಲಿನ ಎತ್ತರದಲ್ಲಿ. ಒತ್ತಡ ಹಡಗಿನ ಹೋಸಿಗಿಂತಲೂ ಕಡಿಮೆ. ಅಪಾಯ ಇರುವುದು ಒತ್ತಡದಲ್ಲಲ್ಲ. ಆ ಆವಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ, ಮೂಲೆಯಲ್ಲಿ ಕೂರುತ್ತದೆ.

ಈ ಪೈಪಿಗೂ ಐಎಸ್ 9573 ಅನ್ನೋ ಭಾರತೀಯ ಮಾನಕ ಇದೆ, ಒಳ್ಳೆಯ ಮಾನಕ. ತೈಲ ಕಂಪನಿಗಳು ಮಾರುವ 'ಸುರಕ್ಷಾ' ಹೋಸಿನ ಒಳಗೆ ಉಕ್ಕಿನ ತಂತಿಯ ಬಲೆ ಇರುತ್ತದೆ, ಇಲಿ ಕಡಿದರೂ ಸುಲಭಕ್ಕೆ ತೂತಾಗುವುದಿಲ್ಲ. ಐದು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ತಯಾರಾದ ತಿಂಗಳು, ವರ್ಷ ಪೈಪಿನ ಮೇಲೆ ಅಚ್ಚಾಗಿರುತ್ತದೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಆ ದಿನಾಂಕ ಹುಡುಕಿದೆ. ಸಿಗಲಿಲ್ಲ. ಅಮ್ಮ ಪ್ರತಿ ಶುಕ್ರವಾರ ಒಲೆ ತೊಳೆಯುವಾಗ ಪೈಪನ್ನೂ ಸೋಪು ಹಚ್ಚಿ ಉಜ್ಜುತ್ತಾಳೆ. ಅಕ್ಷರ ಅಳಿಸಿ ಹೋಗಿದ್ದವು. "ಹೊಲಸು ಇಟಗೊಂಡು ಕುಂದರಲೇನು?" ಅಂದಳು. ಯಾವಾಗ ಹಾಕಿಸಿದ್ದು ಅಂತ ಕೇಳಿದೆ. "ನಿನ್ನ ಅಕ್ಕನ ಮದಿವಿ ಹಿಂದಿನ ವರ್ಷ." ಅಕ್ಕನ ಮಗಳು ಈಗ ಮೂರನೇ ಇಯತ್ತೆ. ಏಜೆನ್ಸಿಗೆ ಫೋನು ಹಚ್ಚಿದರೆ ಅಲ್ಲಿದ್ದವರು ಹೇಳಿದ್ದು ನೀವೂ ಕೇಳಿರುತ್ತೀರಿ: "ಅದನ್ನ ಗ್ರಾಹಕರು ನೋಡಕೋಬೇಕ್ರಿ ಸರ್, ಬುಕ್ಕಿನ್ಯಾಗ ಬರದೈತಲ್ಲ." ಬುಕ್ಕಿನಲ್ಲಿ ಬರೆದಿತ್ತು, ಹೌದು. ಅಮ್ಮ ಆ ಬುಕ್ಕನ್ನು ಟ್ರಂಕಿನಲ್ಲಿ ಮನೆ ಪತ್ರದ ಜೊತೆ ಭದ್ರವಾಗಿ ಇಟ್ಟಿದ್ದಳು.

ಈಗ ಹೇಳಿ, ಇದರಲ್ಲಿ ನಿರ್ಲಕ್ಷ್ಯ ಯಾರದ್ದು? ಪೈಪು ತೊಳೆದವಳದ್ದೇ?

2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾದಾಗ ಒಂದು ಸಂಪರ್ಕಕ್ಕೆ ಸರ್ಕಾರ ಕೊಟ್ಟದ್ದು 1600 ರೂಪಾಯಿ. ಸಿಲಿಂಡರ್ ಠೇವಣಿ 1250, ರೆಗ್ಯುಲೇಟರ್ 150, ಹೋಸು 100, ಪುಸ್ತಕ 25, ಜೋಡಣೆ ತಪಾಸಣೆ 75. ನಾನು ಆ ಯೋಜನೆಯನ್ನು ಹೀಗಳೆಯುವವನಲ್ಲ. ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಕಳಕೊಂಡ ಅಜ್ಜಿಯರನ್ನು ಕಂಡಿದ್ದೇನೆ. ಆದರೆ ಆ ಪಟ್ಟಿಯಲ್ಲಿ ಕೊಳೆಯುವ ವಸ್ತು ಒಂದೇ, ಹೋಸು. ಕಬ್ಬಿಣದ ಸಿಲಿಂಡರು ತುಂಬಿಸಲು ವಾಪಸ್ ಹೋಗುತ್ತದೆ, ಅಲ್ಲಿ ಅದನ್ನು ನೋಡುವವರಿದ್ದಾರೆ. ಅದರ ಕೊರಳಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿ ಇರುತ್ತದೆ, ಮುಂದಿನ ಪರೀಕ್ಷೆ ಯಾವ ಮೂರು ತಿಂಗಳಲ್ಲಿ ಅಂತ. (ವಾಟ್ಸಪ್ಪಿನಲ್ಲಿ ಅದನ್ನು 'ಎಕ್ಸ್‌ಪೈರಿ ಡೇಟ್' ಅಂತ ವರ್ಷಕ್ಕೆರಡು ಸಲ ಕಳಿಸುವ ದೊಡ್ಡಪ್ಪ ಎಲ್ಲರ ಮನೆಯಲ್ಲೂ ಇದ್ದಾರೆ.) ರಬ್ಬರಿನ ಹೋಸು ಮಾತ್ರ ಎಲ್ಲಿಗೂ ವಾಪಸ್ ಹೋಗುವುದಿಲ್ಲ. 2016ರಲ್ಲಿ ಕೊಟ್ಟ ಹೋಸಿನ ಐದು ವರ್ಷ 2021ಕ್ಕೆ ಮುಗಿಯಿತು. ಎರಡನೇ ಹೋಸು ಆ ಪಟ್ಟಿಯಲ್ಲಿ ಇರಲಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಈಚೆಗೆ ತೈಲ ಕಂಪನಿಗಳು ಉಚಿತ ಸುರಕ್ಷತಾ ತಪಾಸಣೆಯ ಅಭಿಯಾನ ಮಾಡಿ 12 ಕೋಟಿಗೂ ಹೆಚ್ಚು ತಪಾಸಣೆ ನಡೆಸಿದವು, ರಿಯಾಯಿತಿ ದರದಲ್ಲಿ 4.6 ಕೋಟಿಗೂ ಹೆಚ್ಚು ಹೋಸು ಬದಲಿಸಿದವು. ಒಳ್ಳೆಯ ಕೆಲಸ, ಚಪ್ಪಾಳೆ ತಟ್ಟೋಣ. ತಟ್ಟಿದ ಮೇಲೆ ಆ ಎರಡು ಅಂಕಿಯನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ. ಮೂರು ಮನೆಗೆ ಒಂದಕ್ಕಿಂತ ಹೆಚ್ಚು. ಮೂರರಲ್ಲಿ ಒಬ್ಬರು ತಪ್ಪು ಮಾಡುತ್ತಿದ್ದರೆ ಅದು ಗ್ರಾಹಕರ ತಪ್ಪಲ್ಲ ಸ್ವಾಮಿ, ವ್ಯವಸ್ಥೆಯೇ ಹಾಗಿದೆ ಅಂತ ಅರ್ಥ. ನಿಮ್ಮ ಆ್ಯಪಿನಲ್ಲಿ ಮೂರರಲ್ಲಿ ಒಬ್ಬ ಬಳಕೆದಾರ ಒಂದೇ ಬಟನ್ ತಪ್ಪು ಒತ್ತುತ್ತಿದ್ದರೆ ನೀವು ಜಾಗೃತಿ ಶಿಬಿರ ಮಾಡುತ್ತೀರೋ, ಬಟನ್ ಬದಲಿಸುತ್ತೀರೋ?

ಹಡಗಿನವರ ಬಣ್ಣದ ಪಟ್ಟಿಯನ್ನು ಅಡಿಗೆಮನೆಗೆ ತನ್ನಿ. ಪ್ರತಿ ಇಸವಿಗೆ ಹೋಸಿನ ಮೈಬಣ್ಣವೇ ಬೇರೆ ಇರಲಿ. ಈ ವರ್ಷ ಕಿತ್ತಳೆ, ಮುಂದಿನ ವರ್ಷ ನೀಲಿ, ಅದರ ಮುಂದೆ ಹಸಿರು. ಆರು ಬಣ್ಣ ಸಾಕು, ಸುತ್ತು ಮುಗಿದರೆ ಮತ್ತೆ ಮೊದಲಿಂದ. ಅಚ್ಚಿನ ಅಕ್ಷರವಾದರೆ ಸೋಪಿಗೆ ಹೋಗುತ್ತದೆ, ರಬ್ಬರಿನ ಬಣ್ಣ ಹೋಗುವುದಿಲ್ಲ. ಸಿಲಿಂಡರ್ ಹೊತ್ತು ತಂದ ಹುಡುಗ ಹೊಸ್ತಿಲಲ್ಲಿ ನಿಂತೇ 'ಅವ್ವಾ, ನಿಮ್ಮದು ನೀಲಿ ಐತಿ, ಮುಗದೈತಿ' ಅನ್ನಬಹುದು. ಓದು ಬರಬೇಕಿಲ್ಲ, ಬುಕ್ಕು ಟ್ರಂಕಿನಿಂದ ತೆಗೆಯಬೇಕಿಲ್ಲ. ಇನ್ನು ದುಡ್ಡು. ಪ್ರತಿ ಬುಕಿಂಗ್, ಪ್ರತಿ ಸಬ್ಸಿಡಿ, ಪ್ರತಿ ಒಟಿಪಿ ಕಂಪನಿಯ ಕಂಪ್ಯೂಟರಿನಲ್ಲಿದೆ. ಯಾವ ಮನೆಗೆ ಯಾವ ತಿಂಗಳು ಹೋಸು ಕೊಟ್ಟರು ಅನ್ನೋದು ಮಾತ್ರ ಯಾಕೆ ಇರಬಾರದು? ಐದು ವರ್ಷ ತುಂಬಿದ ಮನೆಗೆ ಮುಂದಿನ ಸಿಲಿಂಡರಿನ ಜೊತೆ ಹೋಸೂ ಹೋಗಲಿ, ಅದರ ಬೆಲೆಯನ್ನು ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಒಂದು ಬೆಂಕಿಪೊಟ್ಟಣದ ದುಡ್ಡೂ ಕಷ್ಟ.

'ನಿಯಮ ಹೆಚ್ಚಾದರೆ ವ್ಯಾಪಾರ ನಿಲ್ಲುತ್ತದೆ' ಅನ್ನುವವರು ಈಗ ಕೈ ಎತ್ತುತ್ತಾರೆ. ನನ್ನ ಸ್ನೇಹಿತರಲ್ಲೇ ಇದ್ದಾರೆ, ಸ್ಟಾರ್ಟಪ್ಪಿನವರು, ಸರ್ಕಾರಿ ಫಾರಂ ಕಂಡರೆ ಮೈ ಉರಿಯುವವರು. ಅವರ ಉರಿ ಅರ್ಧ ನ್ಯಾಯವೇ. ನಮ್ಮಲ್ಲಿ ನಿಯಮ ಅಂದರೆ ಸಹಿ, ಸೀಲು, ಮೂರು ಪ್ರತಿ. ಗೂಟ ಅಂಥ ನಿಯಮ ಅಲ್ಲ. ಅದಕ್ಕೆ ಇನ್‌ಸ್ಪೆಕ್ಟರ್ ಬೇಡ, ಲಂಚ ಕೊಟ್ಟರೂ ತಪ್ಪು ಫ್ಲೇಂಜು ಕೂರುವುದಿಲ್ಲ. ಹಾಗಂತ ಗೂಟ ಇದ್ದರೆ ಎಲ್ಲ ಮುಗಿಯಿತು ಅಂತಲೂ ನಾನು ಹೇಳುತ್ತಿಲ್ಲ. ಗೂಟ ಹೋಸಿನ ಬಿರುಕನ್ನು ನೋಡುವುದಿಲ್ಲ, ಓಮ್ ಅಳೆಯುವುದಿಲ್ಲ. ಅದಕ್ಕೆ ಪರೀಕ್ಷೆ ಬೇಕು, ದಿನಾಂಕ ಬೇಕು, ಹಳತಾದ ಹೋಸನ್ನು 'ಇನ್ನೊಂದು ವರ್ಷ ನಡೀತದೆ' ಅನ್ನದೆ ಎಸೆಯುವ ಮ್ಯಾನೇಜರ್ ಬೇಕು.

ನಮ್ಮದೇ ಕರಾವಳಿಯ ಮಾತಿಗೆ ಬರುತ್ತೇನೆ. ಪಣಂಬೂರಿನ ನವಮಂಗಳೂರು ಬಂದರು 1974ರಿಂದ ದೇಶದ ಪ್ರಮುಖ ಬಂದರುಗಳಲ್ಲೊಂದು. ಕಚ್ಚಾತೈಲ, ಪೆಟ್ರೋಲಿಯಂ ಉತ್ಪನ್ನ, ಎಲ್‌ಪಿಜಿ ಎಲ್ಲ ಅಲ್ಲಿ ಹಡಗಿನಿಂದ ಇಳಿಯುತ್ತವೆ ಅಥವಾ ಹಡಗು ಹತ್ತುತ್ತವೆ. ಪಕ್ಕದಲ್ಲೇ ಎಂಆರ್‌ಪಿಎಲ್ ಇದೆ, ಬೆಂಜೀನ್ ತಯಾರಿಸುವ ಘಟಕವಿದೆ. 2025ರ ಜುಲೈ 12ರಂದು ಎಂಆರ್‌ಪಿಎಲ್‌ನಲ್ಲಿ ಒಂದು ಸಂಗ್ರಹ ಟ್ಯಾಂಕಿನ ಮೇಲೆ ಹತ್ತಿದ್ದ ಇಬ್ಬರು ಸಿಬ್ಬಂದಿ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಸಿಕ್ಕು ಸತ್ತರು. ಒಬ್ಬರು ಉತ್ತರ ಪ್ರದೇಶದವರು, ಇನ್ನೊಬ್ಬರು ಕೇರಳದವರು. ಅದು ಹೋಸಿನ ಪ್ರಕರಣ ಅಲ್ಲ, ಅದನ್ನು ಇದಕ್ಕೆ ಗಂಟು ಹಾಕುವುದಿಲ್ಲ. ಆವಿ ಅನ್ನೋದು ಕಾಗದದ ಮೇಲಿನ ವಿಷಯ ಅಂತ ಯಾರಿಗಾದರೂ ಅನಿಸಿದ್ದರೆ, ಅಷ್ಟಕ್ಕೆ ಹೇಳಿದೆ.

ಬಂದರುಗಳಲ್ಲಿ ತೈಲ ಸಾಗಿಸುವಾಗಿನ ಅಗ್ನಿಸುರಕ್ಷತೆಗೆ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯದ 156ನೇ ಸಂಖ್ಯೆಯ ಮಾನಕ ಇದೆ. ಅದು ಇಂಗ್ಲಿಷಿನಲ್ಲಿದೆ. ಜೆಟ್ಟಿಯ ಮೇಲೆ ಹೋಸು ಎಳೆಯುವ ಗುತ್ತಿಗೆ ಹುಡುಗರ ಮನೆಮಾತು ತುಳು, ಕನ್ನಡ, ಹಿಂದಿ, ಒಡಿಯಾ, ಹೀಗೆ ಏನೇನೋ. ಯಾವ ಹೋಸಿಗೆ ಎಷ್ಟು ಒತ್ತಡ, ಕೊನೆಯ ಪರೀಕ್ಷೆ ಯಾವಾಗ, ಯಾವ ಗುರುತು ಕಂಡರೆ 'ನಾನು ಕಟ್ಟೋದಿಲ್ಲ' ಅನ್ನಬಹುದು, ಇವನ್ನು ಅವರ ಭಾಷೆಯಲ್ಲಿ ಹೋಸಿನ ಪಕ್ಕದಲ್ಲೇ ಬರೆದು ಹಾಕಬೇಕು ಅಂತ ನಿಯಮವಾಗಲಿ. 'ಕಟ್ಟೋದಿಲ್ಲ' ಅಂದವನ ಅವತ್ತಿನ ಪಗಾರ ಕಡಿಯಬಾರದು ಅಂತಲೂ ಅದರಲ್ಲೇ ಸೇರಲಿ. ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ಕಿಮ್ಮತ್ತಿಲ್ಲ. ಪಗಾರ ಹೋಗುತ್ತದೆ ಅಂದರೆ ಸಿಂಗಟಾಲೂರಿನವನಾಗಲಿ ಸಂಬಲಪುರದವನಾಗಲಿ ಸೀಳಿದ ಹೋಸನ್ನೂ ಕಟ್ಟುತ್ತಾನೆ. ನಾನೂ ಕಟ್ಟುತ್ತಿದ್ದೆ.

ಅಮ್ಮನ ಹೊಸ ಪೈಪಿಗೆ ಹಬ್ಬದ ಮರುದಿನವೇ ಮುಂಡರಗಿಗೆ ಹೋಗಿ ಬಂದೆ. ಇಸವಿಯನ್ನು ಈ ಸಲ ಗೋಡೆಯ ಮೇಲೆ, ಒಲೆಯ ಹಿಂದೆ, ಪೇಂಟಿನಲ್ಲಿ ದೊಡ್ಡದಾಗಿ ಬರೆದು ಬಂದಿದ್ದೇನೆ. ಅಮ್ಮ ಗೋಡೆ ಕೆಡಿಸಿದಿ ಅಂತ ಇನ್ನೂ ಬೈಯುತ್ತಿದ್ದಾಳೆ.